ನೀರಿನಡಿಯ ಊರು ಹುಡುಕಿದ ಒಂಬತ್ತನೇ ತರಗತಿ

ಒಂಬತ್ತನೇ ತರಗತಿಯ ಭೂಗೋಳದಲ್ಲಿ ಕರ್ನಾಟಕದ ನದಿಗಳ ಪಾಠ ಬರುತ್ತದೆ. ಪಶ್ಚಿಮಕ್ಕೆ ಹರಿಯುವ ನದಿಗಳಲ್ಲಿ ಶರಾವತಿಯೂ ಒಂದು. ಅಂಬುತೀರ್ಥದಲ್ಲಿ ಹುಟ್ಟಿತು, ಜೋಗದಲ್ಲಿ ಧುಮುಕಿತು, ಹೊನ್ನಾವರದಲ್ಲಿ ಸಮುದ್ರ ಸೇರಿತು. ಇಷ್ಟು ಹೇಳಿ ನಾನು ಪ್ರತಿ ವರ್ಷ ಕಾಳಿ ನದಿಗೆ ದಾಟುತ್ತಿದ್ದೆ. 2024ರ ಜುಲೈಯಲ್ಲಿ ದಾಟೋಕೆ ಆಗಲಿಲ್ಲ. ಗೋಡೆಯ ನಕ್ಷೆಯಲ್ಲಿ ಲಿಂಗನಮಕ್ಕಿ ಜಲಾಶಯದ ನೀಲಿ ಮಚ್ಚೆ ತೋರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ನಮ್ಮಜ್ಜಿ ಊರು ಈ ನೀಲಿ ಒಳಗೆ ಎಲ್ಲಿದೆ?"

ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಜನ "ಮುಳುಗಡೆಯವರು". ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮನೆ, ತೋಟ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು. ಈ ಪದ ಮಕ್ಕಳ ಬಾಯಲ್ಲಿ ದಿನವೂ ಬರುತ್ತದೆ, ಆದರೆ ಜಾತಿಯ ಹೆಸರಿನ ಹಾಗೆ. ಅದರ ಹಿಂದೆ ಒಂದು ಜಾಗ ಇದೆ, ಆ ಜಾಗಕ್ಕೆ ಅಕ್ಷಾಂಶ ರೇಖಾಂಶ ಇದೆ ಅಂತ ಯಾರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ ಅನ್ನೋದನ್ನು ಒಪ್ಪಿಕೊಳ್ಳಬೇಕು.

ಆ ಪ್ರಶ್ನೆಗೆ ಉತ್ತರ ಹುಡುಕಲು ತರಗತಿಯ 31 ಮಕ್ಕಳು ಸುಮಾರು ನಾಲ್ಕು ತಿಂಗಳು ಡಿಜಿಟಲ್ ಗ್ರಂಥಾಲಯಗಳಲ್ಲಿ ಓಡಾಡಿದರು. ಅದರ ಕಥೆ ಇದು. ಎಡವಿದ ಜಾಗಗಳನ್ನೂ ಬರೆದಿದ್ದೇನೆ. ಪಾಠ ನಡೆದದ್ದು ಹೆಚ್ಚಾಗಿ ಅಲ್ಲೇ.

ಉಪಗ್ರಹಕ್ಕೂ ಗೊತ್ತಿಲ್ಲದ್ದು

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಪ್ರೊಜೆಕ್ಟರ್ ಹಾಕಿ ಗೂಗಲ್ ಅರ್ಥ್ ತೆರೆದೆ. ಭೂಮಿ ತಿರುಗಿತು, ಮಕ್ಕಳು "ಹೋ" ಅಂದರು, ನಮ್ಮ ಶಾಲೆಯ ಶೀಟು ಕಂಡಿತು, ಮತ್ತೊಮ್ಮೆ "ಹೋ". ಜಲಾಶಯಕ್ಕೆ ಹೋಗಿ ಹಳೆಯ ವರ್ಷಗಳ ಚಿತ್ರ ಒಂದೊಂದಾಗಿ ಹಿಂದಕ್ಕೆ ಸರಿಸಿದೆ. 1984ರ ತನಕ ಹೋದೆವು. ನೀರು ಅಲ್ಲೇ ಇತ್ತು.

"ಇನ್ನೂ ಹಿಂದೆ ಹೋಗಿ ಸರ್."

ಹೋಗೋಕೆ ಆಗೋಲ್ಲ. ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ. ಲಿಂಗನಮಕ್ಕಿ ಕಟ್ಟಿ ಮುಗಿದದ್ದು 1964ರಲ್ಲಿ. ಎಂಟು ವರ್ಷ ತಡ. ನಮಗೆ ಪುಕ್ಕಟೆ ಸಿಗುವ ಎತ್ತರದ ಮಾಹಿತಿ 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರಾಡಾರ್ ಬಿಟ್ಟು ಅಳೆದದ್ದು. ಅದಕ್ಕೂ ಕಂಡದ್ದು ನೀರಿನ ಮೇಲ್ಮೈ ಮಾತ್ರ. ಜಲಾಶಯ ಇದ್ದ ಕಡೆ ಒಂದು ಚಪ್ಪಟೆ ಹಾಳೆ. ಅಡಿಯ ಬೆಟ್ಟ, ಕಣಿವೆ ಏನೂ ಇಲ್ಲ.

ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಪ್ರಶ್ನೆಗೆ ಆಕಾಶದಿಂದ ಉತ್ತರ ಬರೋಲ್ಲ, ಯಾರಾದರೂ ಕಾಲಲ್ಲಿ ನಡೆದು ಬರೆದಿಟ್ಟದ್ದು ಬೇಕು. ಅಂದ್ರೆ ಗ್ರಂಥಾಲಯ. ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಅಂಥ ಹಳೆಯ ನಕ್ಷೆಗಳು ಇರಲಿಲ್ಲ. ಹಾಗಾಗಿ ಡಿಜಿಟಲ್.

ಶಾಲೆಯ ಕಂಪ್ಯೂಟರ್ ಕೋಣೆಯ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಕೈ ಹಿಡಿದದ್ದು ಪಂಚಾಯ್ತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಇದೆ. ಎರಡು ಕಂಪ್ಯೂಟರ್, ಪರವಾಗಿಲ್ಲ ಅನ್ನುವಂಥ ಇಂಟರ್ನೆಟ್, ಶನಿವಾರ ಮಧ್ಯಾಹ್ನ ನಮಗಾಗಿ ಬಾಗಿಲು ತೆಗೆದಿಡುತ್ತಿದ್ದ ಗ್ರಂಥಪಾಲಕಿ. ಐದೈದು ಮಕ್ಕಳ ಗುಂಪು, ಒಂದು ಗುಂಪಿಗೆ ಮಾತ್ರ ಆರು ಜನ. ಒಂದು ಶನಿವಾರಕ್ಕೆ ಎರಡು ಗುಂಪು.

ಹೆಸರಿನ ಜಗಳ

ಮೊದಲ ಶನಿವಾರ ಪೂರ್ತಿ ಹಾಳಾಯಿತು ಅಂತ ನಾನು ಅಂದುಕೊಂಡೆ. ಮಕ್ಕಳು ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ತೆರೆದು ಕನ್ನಡದಲ್ಲಿ "ಶರಾವತಿ" ಅಂತ ಹೊಡೆದರು. ನಮಗೆ ಬೇಕಾದ ಕಾಲದ್ದು ಏನೂ ಸಿಗಲಿಲ್ಲ. ಇಂಟರ್ನೆಟ್ ಆರ್ಕೈವ್‌ಗೆ ಹೋಗಿ ಇಂಗ್ಲಿಷಿನಲ್ಲಿ ಜೋಗ್ ಫಾಲ್ಸ್ ಅಂತ ಹೊಡೆದರು. ಬಂದದ್ದೆಲ್ಲ ಇತ್ತೀಚಿನದು. ಒಬ್ಬಳು ಹೇಳಿಯೇಬಿಟ್ಟಳು: "ಹಳೇ ಕಾಲದಲ್ಲಿ ಜೋಗ ಇರಲಿಲ್ಲ ಅನ್ಸುತ್ತೆ ಸರ್."

ಇತ್ತು. ಆದರೆ ಹೆಸರು ಬೇರೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಗೇರುಸೊಪ್ಪೆ ಜಲಪಾತ. ಅದನ್ನೂ ಒಂದೇ ರೀತಿ ಬರೆದಿಲ್ಲ. ಗೆರ್ಸೊಪ್ಪ, ಗೈರಸೊಪ್ಪ, ಗರ್ಸೊಪ್ಪ. ಹೊನ್ನಾವರ ಒಂದು ಕಡೆ ಹೊನೊರ್, ಇನ್ನೊಂದು ಕಡೆ ಒನೊರ್. ಸಾಹೇಬರ ಕಿವಿಗೆ ಹೇಗೆ ಕೇಳಿತೋ ಹಾಗೆ.

ಮುಂದಿನ ವಾರ ಮಕ್ಕಳಿಗೆ ಒಂದೇ ಕೆಲಸ ಕೊಟ್ಟೆ. ಶರಾವತಿ ದಡದ ಹತ್ತು ಊರುಗಳ ಹೆಸರನ್ನು ಕನ್ನಡ ಬಾರದ ಒಬ್ಬ ಮನುಷ್ಯ ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆಯಬಹುದು, ಪಟ್ಟಿ ಮಾಡಿ. ಭಾರೀ ನಗು. ಆದರೆ ಆ ಪಟ್ಟಿಯೇ ನಮ್ಮ ಬೀಗದ ಕೈ ಆಯಿತು. ಹೊಸ ಕಾಗುಣಿತದಿಂದ ಹುಡುಕಿದ ಕೂಡಲೇ ಲೂಯಿಸ್ ರೈಸ್ ಅವರ ಮೈಸೂರು ಗ್ಯಾಸೆಟಿಯರ್ (ನಾಡಿನ ಊರು, ನದಿಗಳ ವಿವರ ಇರುವ ಸರ್ಕಾರಿ ಪುಸ್ತಕ) ಸಿಕ್ಕಿತು, 1897ರ ಪರಿಷ್ಕೃತ ಮುದ್ರಣ, ಎರಡು ಸಂಪುಟ. ಬಾಂಬೆ ಪ್ರಾಂತ್ಯದ ಗ್ಯಾಸೆಟಿಯರ್‌ನ ಹದಿನೈದನೆಯ ಸಂಪುಟ ಸಿಕ್ಕಿತು, 1883ರದ್ದು, ಕೆನರಾ ಜಿಲ್ಲೆಯ ಬಗ್ಗೆ.

ಒಂದೇ ಜಲಪಾತಕ್ಕೆ ಎರಡು ಸರ್ಕಾರದ ಪುಸ್ತಕ ಯಾಕೆ? ಈ ಪ್ರಶ್ನೆಯನ್ನು ನಾನು ಕೇಳಲಿಲ್ಲ, ಮಕ್ಕಳೇ ಕೇಳಿದರು. ಆಗ ಜೋಗದ ಹತ್ತಿರ ನದಿಯೇ ಗಡಿ. ಎಡದಂಡೆ ಮೈಸೂರು ಸಂಸ್ಥಾನ, ಬಲದಂಡೆ ಬಾಂಬೆ ಪ್ರಾಂತ್ಯ. ನೋಡಲು ಬಂದವರಿಗೆ ಮೈಸೂರು ಕಡೆ ಒಂದು ಬಂಗ್ಲೆ, ಬಾಂಬೆ ಕಡೆ ಒಂದು. ರಾಜ್ಯ ಪುನರ್ವಿಂಗಡಣೆ ಆದದ್ದು 1956ರಲ್ಲಿ ಅಂತ ಇತಿಹಾಸದ ಪಾಠದಲ್ಲಿ ಓದಿದ್ದರು. ಅದರ ಅರ್ಥ ಜೋಗದ ಆ ದಂಡೆಗೆ ಏನಾಯಿತು ಅನ್ನೋದು ಇಲ್ಲಿ ಹೊಳೆಯಿತು.

ಅಂದಹಾಗೆ, ನಿಧಾನ ಇಂಟರ್ನೆಟ್ ಇರುವ ಮೇಷ್ಟ್ರುಗಳಿಗೆ ಒಂದು ಮಾತು. ಇಂಥ ಪುಸ್ತಕಗಳ ಪಿಡಿಎಫ್ ಇಳಿಸಿಕೊಳ್ಳಲು ಹೋಗಬೇಡಿ. ಹತ್ತಾರು ಎಂಬಿ ಇರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಆರ್ಕೈವ್‌ನಲ್ಲಿ ಅದೇ ಪುಸ್ತಕದ ಬರೀ ಅಕ್ಷರಗಳ ಪ್ರತಿಯೂ ಇರುತ್ತದೆ, ಚಿಕ್ಕದು, ಬೇಗ ಬರುತ್ತದೆ. ಅದರಲ್ಲಿ ಹುಡುಕಿ, ಪುಟ ಗುರುತು ಮಾಡಿಕೊಂಡು, ಆ ಪುಟದ ಚಿತ್ರ ಮಾತ್ರ ತೆರೆದು ನೋಡಿ. ಚಿತ್ರ ನೋಡಲೇಬೇಕು. ಯಂತ್ರ ಓದಿದ ಅಕ್ಷರದಲ್ಲಿ 8 ಹೋಗಿ 3 ಆಗಿರುವುದು ಸಾಮಾನ್ಯ.

ಎರಡು ಸಾಲಿನಿಂದ ಒಂದು ಪಾಠ

ರೈಸ್ ಅವರ ಪುಸ್ತಕದಲ್ಲಿ ಶರಾವತಿಯ ವಿವರಣೆ ಬಹಳ ಚಿಕ್ಕದು. ಅದನ್ನು ನಾನೇ ಕನ್ನಡ ಮಾಡಿ ಬೋರ್ಡ್ ಮೇಲೆ ಬರೆದೆ. ನದಿ ಅಂಬುತೀರ್ಥದಲ್ಲಿ ಹುಟ್ಟುತ್ತದೆ. ವಾಯವ್ಯಕ್ಕೆ ಹರಿಯುತ್ತದೆ. ಪಟ್ಟಗುಪ್ಪೆಯ ಹತ್ತಿರ ಬಲಗಡೆಯಿಂದ ಹರಿದ್ರಾವತಿ ಸೇರುತ್ತದೆ, ಬಾರಂಗಿಯ ಹತ್ತಿರ ಎಡಗಡೆಯಿಂದ ಎಣ್ಣೆಹೊಳೆ ಸೇರುತ್ತದೆ.

ಬಲ ಯಾವುದು, ಎಡ ಯಾವುದು? ಅರ್ಧ ತರಗತಿ ನಕ್ಷೆಯ ಬಲಕ್ಕೆ ಕೈ ತೋರಿಸಿತು. ನದಿ ಹರಿಯುವ ಕಡೆ ಮುಖ ಮಾಡಿ ನಿಂತು ನೋಡಬೇಕು ಅಂತ ಹೇಳಿ, ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಅದರ ಮೇಲೆ ನಡೆಸಿದೆ. ಹತ್ತು ನಿಮಿಷದ ಕೆಲಸ. ಆಮೇಲೆ ಯಾರೂ ತಪ್ಪಲಿಲ್ಲ.

ಈ ಎರಡು ಸಂಗಮಗಳನ್ನು ಈಗಿನ ಉಪಗ್ರಹ ಚಿತ್ರದಲ್ಲಿ ಹುಡುಕಿ ಅಂದೆ. ಇಸ್ರೋದ ಭುವನ್ ತೆರೆದರು. ಪಟ್ಟಗುಪ್ಪೆ ಸಿಕ್ಕಿತು, ಸೇತುವೆಯೂ ಸಿಕ್ಕಿತು, ಸಂಗಮ ಸಿಗಲಿಲ್ಲ. ಎರಡು ಹೊಳೆ ಕೂಡುವ ಬಿಂದು ಇರಬೇಕಾದಲ್ಲಿ ಹಿನ್ನೀರಿನ ಅಗಲವಾದ ಕೈಯೊಂದು ಚಾಚಿಕೊಂಡಿತ್ತು. ಎಣ್ಣೆಹೊಳೆಯ ಕಡೆಯೂ ಹಾಗೇ.

ಒಬ್ಬ ಹುಡುಗಿ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟು ಜಲಾಶಯದ ಕೈಗಳನ್ನು ಎಣಿಸಲು ಶುರುಮಾಡಿದಳು. "ಇದೂ ಒಂದು ಹೊಳೆನಾ? ಇದೂ?" ಅಂತ ಒಂದೊಂದಕ್ಕೂ ಕೇಳಿದಳು. ಹೌದು, ಪ್ರತಿಯೊಂದೂ ಒಂದು ಹೊಳೆ, ಇಲ್ಲವೇ ಹಳ್ಳ. ಲಿಂಗನಮಕ್ಕಿಯ ಆಕಾರ ಜಿಂಕೆಯ ಕೊಂಬಿನ ಹಾಗೆ ಇರುವುದು ಅದಕ್ಕೇ. ನೀರು ಮೊದಲು ಕಣಿವೆಗಳನ್ನು ತುಂಬಿತು, ಹಳ್ಳಗಳ ಗುಂಟ ಮೇಲೇರಿತು, ಗುಡ್ಡಗಳ ನೆತ್ತಿ ಬಿಟ್ಟಿತು. ಆ ನೆತ್ತಿಗಳೇ ಈಗಿನ ನಡುಗಡ್ಡೆಗಳು. ನಾನು ಹದಿನೈದು ವರ್ಷ ಆ ನೀಲಿ ಮಚ್ಚೆಯನ್ನು ಮಚ್ಚೆಯಾಗಿಯೇ ತೋರಿಸಿದ್ದೆ.

ಇದನ್ನು ಗಟ್ಟಿ ಮಾಡೋಕೆ ಡಿಜಿಟಲ್ ಏನೂ ಬೇಕಾಗಲಿಲ್ಲ. ಒಂದು ಪ್ಲಾಸ್ಟಿಕ್ ಟಬ್, ಒಂದಿಷ್ಟು ಕೆಮ್ಮಣ್ಣು. ಮಕ್ಕಳು ಗುಡ್ಡ, ಕಣಿವೆ ಮಾಡಿದರು, ಒಂದು ತುದಿಗೆ ಗೋಡೆ ಕಟ್ಟಿದರು, ಚೊಂಬಿನಲ್ಲಿ ನೀರು ಬಿಟ್ಟರು. ನೀರು ನಿಂತ ಮಟ್ಟಕ್ಕೆ ಕಡ್ಡಿಯಿಂದ ಗೆರೆ ಎಳೆದರು. ಸಮೋನ್ನತಿ ರೇಖೆ ಅಂದ್ರೆ ಅದೇ. ಲಿಂಗನಮಕ್ಕಿಯ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮೀಟರ್‌ಗೆ ತಂದರೆ 554 ಚಿಲ್ಲರೆ. ಸರ್ವೆ ಆಫ್ ಇಂಡಿಯಾ ತನ್ನ ಜಾಲತಾಣದಲ್ಲಿ ಕೊಡುವ 1:50,000 ಸ್ಕೇಲಿನ ಹಾಳೆಗಳಲ್ಲಿ ಸಮೋನ್ನತಿ ರೇಖೆ 20 ಮೀಟರಿಗೆ ಒಂದು. ಹಾಗಾದರೆ ದಡ 540ರ ಗೆರೆಯ ಮೇಲೆ, 560ರ ಗೆರೆಯ ಕೆಳಗೆ ಇರಬೇಕು. ಮಕ್ಕಳು ಪೆನ್ಸಿಲ್ ಹಿಡಿದು 560ರ ಗೆರೆಯನ್ನು ಹಿಂಬಾಲಿಸಿದರು. ಅದು ದಡದ ಬೆನ್ನಿಗೇ ಅಂಟಿಕೊಂಡು ಹೋಗುತ್ತದೆ, ಕೊಲ್ಲಿ ಬಂದಲ್ಲಿ ಒಳಕ್ಕೆ, ಗುಡ್ಡ ಬಂದಲ್ಲಿ ಹೊರಕ್ಕೆ.

ಗ್ಯಾಸೆಟಿಯರ್‌ನಿಂದ ಇನ್ನೊಂದು ಸಣ್ಣ ಖುಷಿಯೂ ಸಿಕ್ಕಿತು. ಜಲಪಾತದ ಎತ್ತರ ಅಲ್ಲಿ 830 ಅಡಿ. ಒಬ್ಬ ಹುಡುಗ 0.3048ರಿಂದ ಗುಣಿಸಿ 253 ಅಂತ ಕೂಗಿದ. ನಾವು ಬಾಯಿಪಾಠ ಮಾಡಿದ ಅದೇ 253 ಮೀಟರ್! ರಾಜ, ರೋರರ್, ರಾಕೆಟ್ ಹೆಸರುಗಳೂ ಆಗಲೇ ಇದ್ದವು. ರಾಣಿ ಮಾತ್ರ ಇರಲಿಲ್ಲ. ಆಗ ಅವಳು ಫ್ರೆಂಚ್ ಹೆಸರಿನ ಬಿಳಿಯ ದೊರೆಸಾನಿ.

ಫ್ಲೆಕ್ಸ್ ಅಂಗಡಿಯ ಎಡವಟ್ಟು

ಅಜ್ಜಿಯ ಊರು ಹುಡುಕಲು ಬೇಕಿದ್ದದ್ದು 1964ಕ್ಕಿಂತ ಹಿಂದಿನ ನಕ್ಷೆ. ಅದು ಸಿಕ್ಕಿದ್ದು ಬೆಂಗಳೂರಿನಲ್ಲೂ ಅಲ್ಲ, ಸರ್ವೆ ಆಫ್ ಇಂಡಿಯಾ ಇರುವ ಡೆಹ್ರಾಡೂನಿನಲ್ಲೂ ಅಲ್ಲ, ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ನಕ್ಷೆ ಸಂಗ್ರಹದಲ್ಲಿ. ಅಮೆರಿಕದ ಸೇನೆಯ ನಕ್ಷೆ ವಿಭಾಗ 1950ರ ದಶಕದಲ್ಲಿ ಇಡೀ ಭಾರತಕ್ಕೆ 1:250,000 ಸ್ಕೇಲಿನ ಹಾಳೆಗಳನ್ನು ಮಾಡಿತ್ತು. ಯು 502 ಅಂತ ಆ ಸರಣಿಯ ಹೆಸರು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಮ್ಮ ಊರಿನ ನಕ್ಷೆಗೆ ಸಮುದ್ರ ದಾಟಬೇಕಾಯಿತಲ್ಲ ಅಂತ ಮಕ್ಕಳಿಗೆ ವಿಚಿತ್ರ ಅನಿಸಿತು. ನನಗೂ ಅನಿಸಿತು, ಆದರೆ ಸಿಕ್ಕಿದ್ದಕ್ಕೆ ಖುಷಿಯೇ ಜಾಸ್ತಿ.

ಇಲ್ಲೊಂದು ತೊಡಕು ಬಂತು. 75 ಡಿಗ್ರಿ ಪೂರ್ವ ರೇಖಾಂಶ ಸಾಗರ ಪೇಟೆಗೆ ಮೂರ್ನಾಲ್ಕು ಕಿಲೋಮೀಟರ್ ಪಶ್ಚಿಮದಲ್ಲೇ ಹಾದುಹೋಗುತ್ತದೆ. ಹಾಳೆ ತುಂಡಾಗುವುದು ಸರಿಯಾಗಿ ಅಲ್ಲಿಯೇ. ಜೋಗ ಒಂದು ಹಾಳೆಯಲ್ಲಿ, ಸಾಗರ ಪಕ್ಕದ ಹಾಳೆಯಲ್ಲಿ. ನಮ್ಮ ಸರ್ವೆಯ ಹಳೆಯ ನಂಬರಿನಲ್ಲೂ ಹಾಗೇ: ಜೋಗ 48 ಜೆ/16, ಸಾಗರ 48 ಎನ್/4. ಹಿನ್ನೀರಿನ ದಕ್ಷಿಣ ಭಾಗ ನೋಡಬೇಕಾದರೆ 14 ಡಿಗ್ರಿ ಅಕ್ಷಾಂಶದ ಕೆಳಗಿನ ಹಾಳೆಯೂ ಬೇಕು. ರೇಖಾಂಶ ಅನ್ನೋದು ಪರೀಕ್ಷೆಗೆ ಬರುವ ಪದ ಅಂದುಕೊಂಡಿದ್ದ ಮಕ್ಕಳಿಗೆ ಅದು ತಮ್ಮ ಕೆಲಸಕ್ಕೆ ಅಡ್ಡ ಬರುವ ಗೆರೆಯಾಗಿ ಸಿಕ್ಕಿತು. ಅಡ್ಡ ಬಂದದ್ದು ಮರೆಯೋಲ್ಲ.

ಜೋಗ ಇರುವ ಹಾಳೆಯನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ನೆಲದ ಮೇಲೆ ಹಾಸೋಣ ಅಂತ ನನ್ನ ಯೋಚನೆ. ಪೇಟೆಯ ಫ್ಲೆಕ್ಸ್ ಅಂಗಡಿಗೆ ಪೆನ್ ಡ್ರೈವ್ ಕೊಟ್ಟು ಬಂದೆ. ಆರು ಅಡಿ ಅಗಲ, ಮೂರು ಅಡಿ ಎತ್ತರ. ಸಂಜೆ ಹೋಗಿ ತಂದೆ. ಬಣ್ಣ ಚೆನ್ನಾಗಿ ಬಂದಿತ್ತು.

ಮಕ್ಕಳು ಸುತ್ತ ಕೂತು ದಾರ ಹಿಡಿದು ಅಳೆದರು. ನಕ್ಷೆಯ ಅಡಿಯಲ್ಲಿ ಕಿಲೋಮೀಟರ್ ಗೆರೆ ಇರುತ್ತದಲ್ಲ, ಅದಕ್ಕೆ ಹೊಂದಿಸಿ ಲೆಕ್ಕ. ಹೊನ್ನಾವರದಿಂದ ಜೋಗಕ್ಕೆ ನೇರ ದೂರ ಸುಮಾರು 40 ಕಿಲೋಮೀಟರ್ ಬಂತು. ಭುವನ್‌ನಲ್ಲಿ ಅಳೆದು ನೋಡಿದರು, ಸರಿ ಇತ್ತು. ಶಿರಸಿಯಿಂದ ಜೋಗಕ್ಕೆ 31 ಬಂತು. ಭುವನ್ 43 ಅಂತ ಹೇಳಿತು. ಮತ್ತೆ ಅಳೆದರು, ಮತ್ತೆ 31.

"ಅಮೆರಿಕದವರು ತಪ್ಪು ಮಾಡಿದ್ದಾರೆ ಸರ್." ಒಂದು ಗುಂಪಿನ ತೀರ್ಮಾನ ಇದು. ಇನ್ನೊಂದು ಗುಂಪು ಶಿರಸಿ ಜಾಗ ಬದಲಾಯಿಸಿರಬಹುದು ಅಂದಿತು. ಎರಡು ದಿನ ಇದೇ ಚರ್ಚೆ ನಡೆಯಿತು. ಕೊನೆಗೆ ಚಿತ್ರಕಲೆಯಲ್ಲಿ ಚುರುಕಾದ ಒಬ್ಬ ಹುಡುಗ ಕಂಪ್ಯೂಟರಿನ ನಕ್ಷೆಯನ್ನೂ ಫ್ಲೆಕ್ಸನ್ನೂ ಅಕ್ಕಪಕ್ಕ ನೋಡಿ ಹೇಳಿದ: "ಇದು ದಪ್ಪ ಆಗಿದೆ."

ಸಂಗತಿ ಅಷ್ಟೇ. ಆ ಹಾಳೆ ಒಂದೂವರೆ ಡಿಗ್ರಿ ಅಗಲ, ಒಂದು ಡಿಗ್ರಿ ಎತ್ತರ. ನಾನು ಹೇಳಿದ ಅಳತೆ ಎರಡಕ್ಕೆ ಒಂದು. ಅಂಗಡಿಯ ಹುಡುಗ ಜಾಗ ಖಾಲಿ ಬಿಡಬಾರದು ಅಂತ ಚಿತ್ರವನ್ನು ಅಡ್ಡಕ್ಕೆ ಎಳೆದಿದ್ದ, ರಾಜಕಾರಣಿಗಳ ಹುಟ್ಟುಹಬ್ಬದ ಫೋಟೊ ಎಳೆಯುವ ಹಾಗೆ. ಕಿಲೋಮೀಟರ್ ಗೆರೆಯೂ ಅಡ್ಡಕ್ಕಿದ್ದರಿಂದ ಅದೂ ಜೊತೆಗೇ ಹಿಗ್ಗಿತ್ತು. ಹಾಗಾಗಿ ಪೂರ್ವ ಪಶ್ಚಿಮದ ಅಳತೆ ಸರಿ, ಉತ್ತರ ದಕ್ಷಿಣದ್ದು ಪೂರ್ತಿ ತಪ್ಪು. ಅಳತೆ ಹೇಳಿದ್ದು ನಾನು, ಅಂಗಡಿಯವನ ತಪ್ಪು ಅನ್ನೋಕೆ ಬರೋಲ್ಲ.

ಫ್ಲೆಕ್ಸಿನ ದುಡ್ಡು ಹೋಯಿತು. ಆದರೆ ಸ್ಕೇಲ್ ಅಂದ್ರೆ ಏನು, ನಕ್ಷೆಯಲ್ಲಿ ಬರೆದ 1:250,000 ಅನ್ನೋ ಅಂಕಿಯನ್ನು ಪ್ರಿಂಟ್ ಮಾಡಿದ ಮೇಲೆ ಯಾಕೆ ನಂಬಬಾರದು, ಗೆರೆಯ ಸ್ಕೇಲನ್ನು ಯಾವಾಗ ನಂಬಬಹುದು, ಇದನ್ನೆಲ್ಲ ನಾನು ಪಾಠವಾಗಿ ಹೇಳಿದ್ದರೆ ಇಷ್ಟು ಮನಸ್ಸಿಗೆ ಹೋಗುತ್ತಿರಲಿಲ್ಲ. ಆ ಫ್ಲೆಕ್ಸ್ ಇನ್ನೂ ಇಟ್ಟುಕೊಂಡಿದ್ದೇನೆ. ಈ ವರ್ಷದ ಮಕ್ಕಳಿಗೆ ಏನೂ ಹೇಳದೆ ಅದನ್ನೇ ಹಾಸುತ್ತೇನೆ.

ನಕ್ಷೆಯಲ್ಲಿ ಊರಿಲ್ಲ

ಸರಿಯಾದ ಪ್ರಿಂಟ್ ಬಂದ ಮೇಲೆ ನೋಡಿದರೆ ಲಿಂಗನಮಕ್ಕಿ ಜಲಾಶಯ ಇಲ್ಲ, ಸರಿ. ಆದರೆ ಅಜ್ಜಿಯ ಊರೂ ಇಲ್ಲ. ಹುಡುಗನ ಮುಖ ಸಣ್ಣದಾಯಿತು.

ಮಲೆನಾಡಿನ ಊರು ಅಂದ್ರೆ ಬಯಲುಸೀಮೆಯ ಹಾಗೆ ಒತ್ತಾಗಿ ಕೂತ ಮನೆಗಳಲ್ಲ. ಈ ಕಣಿವೆಯಲ್ಲಿ ಒಂದು ಮನೆ, ಆ ದಿಬ್ಬದಾಚೆ ಎರಡು ಮನೆ. ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್ ತುಂಬಿಸುವ ನಕ್ಷೆ ಅದನ್ನು ಬರೆಯುವುದಾದರೂ ಹೇಗೆ? ಯಾವ ಊರನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಅಂತ ಯಾರೋ ಒಬ್ಬ ಕೂತು ತೀರ್ಮಾನ ಮಾಡಿರುತ್ತಾನೆ. ನಕ್ಷೆ ಅಂದ್ರೆ ಆ ತೀರ್ಮಾನವೂ ಹೌದು. ಇದನ್ನು ತರಗತಿಯಲ್ಲಿ ಹೇಳಿದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ದಾರಿ ತೋರಿಸಿದ್ದು ಜನಗಣತಿ. ಜನಗಣತಿ ಇಲಾಖೆಯ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಜಿಲ್ಲಾ ಕೈಪಿಡಿಗಳ ಸ್ಕ್ಯಾನ್ ಪ್ರತಿಗಳಿವೆ. 1961ರ ಶಿವಮೊಗ್ಗ ಜಿಲ್ಲೆಯ ಕೈಪಿಡಿಯಲ್ಲಿ ತಾಲ್ಲೂಕುವಾರು ಎಲ್ಲ ಗ್ರಾಮಗಳ ಪಟ್ಟಿ. ವಿಸ್ತೀರ್ಣ, ಮನೆ, ಒಕ್ಕಲು (ಅಂದ್ರೆ ಸಂಸಾರ), ಗಂಡಸರು, ಹೆಂಗಸರು. 1961ರ ಮಾರ್ಚ್‌ನಲ್ಲಿ ಎಣಿಸಿದ್ದು. ಅಣೆಕಟ್ಟು ಮುಗಿದದ್ದು 1964. ಮುಳುಗಿದ ಊರುಗಳ ಮಟ್ಟಿಗೆ ಅದು ಕೊನೆಯ ಎಣಿಕೆ.

ಮಕ್ಕಳು ಸಾಗರ ತಾಲ್ಲೂಕಿನ ಪುಟಗಳನ್ನು ಹಂಚಿಕೊಂಡರು. ಒಂದು ಗುಂಪು 1961ರದ್ದು ಓದಿತು, ಇನ್ನೊಂದು 1971ರದ್ದು. ಹೆಸರು ಕೂಗುವುದು, ಟಿಕ್ ಹಾಕುವುದು. ಹಾಜರಿ ಹಾಕಿದ ಹಾಗೇ ಇತ್ತು. ಕೆಲವು ಹೆಸರಿಗೆ ಆಚೆಯ ಗುಂಪಿನಿಂದ "ಜನ ಇಲ್ಲ" ಅಂತ ಉತ್ತರ ಬರುತ್ತಿತ್ತು.

ಜನ ಇಲ್ಲದ ಗ್ರಾಮಕ್ಕೆ ನಮ್ಮ ಕಂದಾಯ ದಾಖಲೆಗಳಲ್ಲಿ ಒಂದು ಪದ ಇದೆ, ಬೇಚರಾಕ್. ಮಕ್ಕಳು ಅದನ್ನು ಪಹಣಿಯ ಮಾತಿನಲ್ಲಿ ಮನೆಯಲ್ಲಿ ಕೇಳಿದ್ದರು, ಅರ್ಥ ಗೊತ್ತಿರಲಿಲ್ಲ. ಪಾರ್ಸಿಯ ಬೇ-ಚಿರಾಗ್‌ನಿಂದ ಬಂದದ್ದು. ದೀಪ ಇಲ್ಲದ ಊರು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್ ಅಂತ ಹಿಂದಿನ ವಾರವಷ್ಟೇ ಬರೆಸಿದ್ದೆ. ನಾನು ಏನೂ ವಿವರಿಸಲಿಲ್ಲ.

ಅಜ್ಜಿಯ ಊರಿನ ಹೆಸರು ಮೂರನೆಯ ಪುಟದಲ್ಲಿ ಸಿಕ್ಕಿತು, ಒಂದು ಅಕ್ಷರ ಆಚೀಚೆ. ಹೆಸರು ಸಿಕ್ಕಿತು, ಜಾಗ ಇನ್ನೂ ಸಿಗಲಿಲ್ಲ. ಪಟ್ಟಿಯಲ್ಲಿ ಅಕ್ಷಾಂಶ ಇರೋಲ್ಲವಲ್ಲ. ಆದರೆ ಈಗ ಅಕ್ಕಪಕ್ಕದ ಊರುಗಳ ಹೆಸರು ಗೊತ್ತಿತ್ತು, ಅವುಗಳಲ್ಲಿ ಒಂದೆರಡು ನಕ್ಷೆಯಲ್ಲಿದ್ದವು. ಇನ್ನೊಂದು ಗುರುತೂ ಇತ್ತು. ಲಿಂಗನಮಕ್ಕಿಗಿಂತ ಮೊದಲು 1948ರ ಹೊತ್ತಿಗೇ ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಇತ್ತು. ಜನ ಅದಕ್ಕೆ ಮಡೆನೂರು ಡ್ಯಾಮ್ ಅನ್ನುತ್ತಾರೆ. ದೊಡ್ಡ ಅಣೆಕಟ್ಟು ಬಂದ ಮೇಲೆ ಚಿಕ್ಕ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಎದ್ದು ಕಾಣುತ್ತದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಪುಕ್ಕಟೆ ಸಿಗುತ್ತದೆ, ಹತ್ತು ಮೀಟರಿಗೆ ಒಂದು ಚುಕ್ಕಿ, ಐದು ದಿನಕ್ಕೊಂದು ಚಿತ್ರ. ಮಳೆ ಚೆನ್ನಾಗಿ ಆದ 2019ರ ಡಿಸೆಂಬರ್ ಚಿತ್ರ, ಬರದ 2023 ಕಳೆದ ಮೇಲಿನ 2024ರ ಬೇಸಿಗೆಯ ಚಿತ್ರ, ಎರಡನ್ನೂ ಒಂದೇ ಅಳತೆಗೆ ಪ್ರಿಂಟ್ ಮಾಡಿಸಿದೆವು, ಈ ಸಲ ಎ3 ಹಾಳೆಯಲ್ಲಿ, ನಾನೇ ಎದುರಿಗೆ ನಿಂತು. ಮಕ್ಕಳು ಗ್ರಾಫ್ ಹಾಳೆಗೆ ನಕಲು ಇಳಿಸಿ ಚೌಕ ಎಣಿಸಿದರು. ಬೇಸಿಗೆಯಲ್ಲಿ ನೀರಿನ ಕೈಗಳೆಲ್ಲ ಸಪೂರವಾಗಿ, ಅಂಚಿಗೆ ಕಂದು ಪಟ್ಟಿ ಬಂದಿತ್ತು. ಆ ಕಂದು ಪಟ್ಟಿಯಲ್ಲೇ ಎಲ್ಲೋ ಅಜ್ಜಿಯ ಊರಿನ ಮೇಲ್ಭಾಗ ಇರಬೇಕು ಅನ್ನೋ ತನಕ ಬಂದೆವು. ಪೆನ್ಸಿಲಿನಲ್ಲಿ ಒಂದು ವೃತ್ತ ಹಾಕಿದೆವು. ಅದಕ್ಕಿಂತ ಚಿಕ್ಕ ವೃತ್ತ ಹಾಕುವ ಧೈರ್ಯ ಬರಲಿಲ್ಲ.

ಆಗದೇ ಹೋದದ್ದು

ಇಂಗ್ಲಿಷ್ ದೊಡ್ಡ ಗೋಡೆ. ನಮಗೆ ಬೇಕಾದ ಹಳೆಯ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಅದೂ ನೂರು ವರ್ಷ ಹಿಂದಿನ ಉದ್ದುದ್ದ ವಾಕ್ಯ. ಪ್ರತಿ ಶುಕ್ರವಾರ ರಾತ್ರಿ ಕೂತು ನಾನು ಕನ್ನಡ ಮಾಡಬೇಕಿತ್ತು. ಎಲ್ಲ ಮೇಷ್ಟ್ರಿಗೂ ಇಷ್ಟು ಹೊತ್ತು ಸಿಗುತ್ತದೆ ಅಂತ ನಾನು ಹೇಳೋಲ್ಲ. ಹಾಗಾಗಿ ಪುಸ್ತಕಕ್ಕಿಂತ ನಕ್ಷೆ, ಪಟ್ಟಿಗಳಿಂದ ಶುರುಮಾಡುವುದು ವಾಸಿ. ಅಂಕಿ, ಊರಿನ ಹೆಸರುಗಳನ್ನು ಇಂಗ್ಲಿಷ್ ಅಷ್ಟಾಗಿ ಬಾರದ ಮಕ್ಕಳೂ ಓದುತ್ತಾರೆ.

ಗುಂಪಿಗೆ ಒಂದು ಕಂಪ್ಯೂಟರ್ ಅಂದ್ರೆ ಮೌಸ್ ಹಿಡಿಯುವುದು ಒಬ್ಬನೇ. ಮೂರ್ನಾಲ್ಕು ಮಕ್ಕಳು ಕೊನೆ ತನಕ ಹಿಂದೆ ನಿಂತೇ ಇದ್ದರು. ಅವರಿಗೆ ಟಬ್ಬಿನ ಮಣ್ಣು, ದಾರದ ಅಳತೆ ಹಿಡಿಸಿತು, ಪರದೆ ಹಿಡಿಸಲಿಲ್ಲ. ಮತ್ತೆ ಪಠ್ಯ ಹಿಂದೆ ಬಿತ್ತು. ಮಣ್ಣು, ಖನಿಜದ ಪಾಠಗಳನ್ನು ಜನವರಿಯಲ್ಲಿ ಓಡಿಸಿಕೊಂಡು ಹೋದೆ. ಮುಖ್ಯೋಪಾಧ್ಯಾಯರು ಒಂದೆರಡು ಸಲ ಕೇಳಿದರು, ಗದರಿಸಲಿಲ್ಲ.

ಮತ್ತೆ ಮಾಡುವುದಾದರೆ ಎಲ್ಲಾ ಗ್ರಂಥಾಲಯ ತೋರಿಸಲು ಹೋಗೋಲ್ಲ. ಒಂದು ಹಳೆಯ ನಕ್ಷೆ, ಒಂದು ಹೊಸ ಚಿತ್ರ, ಒಂದು ಜನಗಣತಿ ಪಟ್ಟಿ, ಇಷ್ಟು ಸಾಕು. ಆದರೆ ಪ್ರಶ್ನೆ ಮಕ್ಕಳದ್ದೇ ಆಗಿರಬೇಕು. ಕೋಲಾರದ ಕಡೆಯವರಿಗೆ ಊರಿನ ಕೆರೆ ಎಲ್ಲಿಯ ತನಕ ಇತ್ತು ಅನ್ನೋದು ಪ್ರಶ್ನೆಯಾಗಬಹುದು. ಕರಾವಳಿಯವರಿಗೆ ಅಳಿವೆ ಎಷ್ಟು ಸರಿದಿದೆ ಅನ್ನೋದು.

ಅಜ್ಜಿಯ ಲೆಕ್ಕ

ನವೆಂಬರ್ ಕೊನೆಗೆ ಪೆನ್ಸಿಲ್ ವೃತ್ತದ ನಕ್ಷೆ, ಜನಗಣತಿ ಪುಟದ ಪ್ರಿಂಟು ಹಿಡಿದು ಆ ಹುಡುಗನ ಮನೆಗೆ ಹೋದೆವು. ಏಳೆಂಟು ಮಕ್ಕಳು, ನಾನು. ಅಜ್ಜಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ನಕ್ಷೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು. "ನಂಗೆ ಇದೆಲ್ಲ ತಿಳಿಯಲ್ಲ ಮೇಷ್ಟ್ರೇ" ಅಂದರು. ಹೊಳೆ ಯಾವ ಕಡೆ ಅಂತ ಕೇಳಿದರು. ಮೊಮ್ಮಗ ತೋರಿಸಿದ. ಹಾಗಾದ್ರೆ ನೀವು ಹಾಕಿದ ಸುತ್ತು ತಪ್ಪು, ನಮ್ಮ ಮನೆ ಹೊಳೆಯ ಈಚೆ ದಂಡೆಗೆ ಅಂದರು. ಅವನು ಕೇಳಿದ: "ಈಚೆ ಅಂದ್ರೆ ಎಡದಂಡೆನಾ ಬಲದಂಡೆನಾ ಅಜ್ಜಿ?" ಅಜ್ಜಿ ಅವನನ್ನೇ ನೋಡಿದರು. ಆಮೇಲೆ ಎದ್ದು ನಿಂತು, ನೀರು ಹೋಗುವ ಕಡೆ ಮುಖ ಮಾಡಿದ ಹಾಗೆ ಮಾಡಿ, ಬಲಗೈ ಎತ್ತಿದರು. ಸುಣ್ಣದ ಗೆರೆಯ ಪಾಠ ಅವರಿಗೆ ಬೇಕಿರಲಿಲ್ಲ.

ಮಕ್ಕಳಿಗೆ ಪಟ್ಟಿಯಲ್ಲಿ ಒಂದು ಅನುಮಾನ ಉಳಿದಿತ್ತು. ಅಜ್ಜಿಯ ಊರಿನ ಸಾಲಿನಲ್ಲಿ ಮನೆಗಳ ಅಂಕಿಗಿಂತ ಒಕ್ಕಲುಗಳ ಅಂಕಿ ಎರಡು ಜಾಸ್ತಿ. ಅಚ್ಚಿನ ತಪ್ಪು ಅಂತ ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಅಜ್ಜಿ ಬೆರಳು ಮಡಿಸುತ್ತಾ ಎಣಿಸಲು ಶುರುಮಾಡಿದರು. ಮೇಲಿನ ಮನೆ, ಹಲಸಿನ ಮರದ ಮನೆ, ಹೊಳೆಬಾಗಿಲ ಮನೆ. ಒಂದು ಕಡೆ ನಿಂತರು. "ಇವರಲ್ಲಿ ಅಣ್ಣ ತಮ್ಮ ಬೇರೆ. ಸೂರು ಒಂದೇ, ಒಲೆ ಎರಡು." ಇನ್ನೂ ಮೂರು ಬೆರಳು ಮಡಿಸಿ ಮತ್ತೆ ನಿಂತರು. "ಇವರದ್ದೂ ಹಂಗೇ."

ಹುಡುಗ ರಬ್ಬರ್ ತೆಗೆದು ಪೆನ್ಸಿಲ್ ಗುರುತು ಅಳಿಸಿದ.